ಅಗ್ಗದ ಪೆನ್ ಡ್ರೈವ್, ದುಬಾರಿ ಲೆಕ್ಕ

(ಮೊರಬದಲ್ಲಿ ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ. ಇತರ ಸಂಘಗಳ ಸದಸ್ಯರಿಗೂ ಉಪಯೋಗವಾಗಲೆಂದು ಪ್ರಕಟಿಸಲಾಗಿದೆ. – ಸಂ.)



ನಾನು ಈ ಊರಿಗೆ ಬಂದಾಗಲೆಲ್ಲ ಕೆಚ್ಚಲು ಬಾವು, ಕಾಲುಬಾಯಿ ರೋಗ, ಹಸಿರು ಮೇವು, ಖನಿಜ ಮಿಶ್ರಣ ಎಂದು ಮಾತನಾಡಿದವನು. ಇವತ್ತು ದನದ ಡಾಕ್ಟರು ಕಂಪ್ಯೂಟರಿನ ಪೆನ್ ಡ್ರೈವ್ ಬಗ್ಗೆ ಮಾತನಾಡುತ್ತಾರೆಂದು ಕೇಳಿ ಕೆಲವರಿಗೆ ನಗು ಬಂದಿರಬಹುದು. ಆದರೆ ವಿಷಯ ಎಮ್ಮೆಯಿಂದ ದೂರವಿಲ್ಲ. ನೀವು ನಸುಕಿನಲ್ಲಿ ಎದ್ದು ಹಿಂಡಿದ ಹಾಲು ಡೇರಿಯ ಕ್ಯಾನಿಗೆ ಬಿದ್ದ ಮೇಲೆ ಎಲ್ಲರ ಹಾಲಿನೊಂದಿಗೆ ಬೆರೆತುಹೋಗುತ್ತದೆ. ಆಮೇಲೆ ನಿಮ್ಮ ಹಾಲು ಎಂಬುದು ಉಳಿಯುವುದು ಲೆಕ್ಕದಲ್ಲಿ ಮಾತ್ರ. ಆ ಲೆಕ್ಕವನ್ನು ಯಾವ ಪಾತ್ರೆಯಲ್ಲಿ ಇಟ್ಟಿದ್ದೇವೆ, ಆ ಪಾತ್ರೆ ಗಟ್ಟಿಯಾಗಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ.

ಹಗೇವಿನ ಮಾತು

ನಮ್ಮ ಎರೆ ಸೀಮೆಯ ಹಿರಿಯರಿಗೆ ಹಗೇವು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದಲ್ಲಿ ತಗ್ಗು ತೋಡಿ, ಸುತ್ತಲೂ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿ ಇಡುತ್ತಿದ್ದರು. ನೀರು ನಿಲ್ಲದ ಎತ್ತರದ ಜಾಗ ನೋಡಿ, ಕೈಬಿಡದೆ ಖರ್ಚು ಮಾಡಿ ಕಟ್ಟಿದ ಹಗೇವಿನ ಜೋಳ ಬರಗಾಲಕ್ಕೆ ಆಗುತ್ತಿತ್ತು. ಹುಲ್ಲಿನಲ್ಲಿ, ಆಳಿನ ಕೂಲಿಯಲ್ಲಿ ಉಳಿಸಲು ಹೋದವನ ಹಗೇವೂ ಮೇಲಿನಿಂದ ಹಾಗೆಯೇ ಕಾಣುತ್ತಿತ್ತು. ಒಳಗೆ ಹಸಿ ಏರಿ ಕಾಳು ಕಪ್ಪಾದದ್ದು ಅವನಿಗೆ ಗೊತ್ತಾಗುತ್ತಿದ್ದುದು ಬಾಯಿ ತೆರೆದ ದಿನ, ಅಂದರೆ ಮನೆಯಲ್ಲಿ ಬೇರೆ ಕಾಳು ಇಲ್ಲದ ದಿನ.

ನನ್ನ ವೃತ್ತಿಯಲ್ಲಿಯೂ ಇಂಥದೊಂದು ಇದೆ. ಕಾಲುಬಾಯಿ ರೋಗದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲಿನಲ್ಲಿ ಬಿಟ್ಟು ಸತ್ವ ಹೋದ ಲಸಿಕೆಯ ಬಾಟಲಿಯೂ ನೋಡಲು ಒಳ್ಳೆಯದರಂತೆಯೇ ಇರುತ್ತದೆ. ಸೂಜಿ ಚುಚ್ಚಿದ್ದಾಯಿತು, ಪುಸ್ತಕದಲ್ಲಿ ಬರೆದದ್ದಾಯಿತು. ಊರಿಗೆ ರೋಗ ಬಂದಾಗ ಮಾತ್ರ ನಿಜ ಹೊರಬೀಳುತ್ತದೆ.

ಅಗ್ಗದ ಪೆನ್ ಡ್ರೈವು, ಮೆಮೊರಿ ಕಾರ್ಡು, ಸಿ.ಡಿ. ಇವೆಲ್ಲ ಇದೇ ಜಾತಿಗೆ ಸೇರಿದವು. ಅಗ್ಗದ ಚಪ್ಪಲಿ ಕಿತ್ತರೆ ಅದೇ ದಿನ ತಿಳಿಯುತ್ತದೆ, ಹೊಲಿಸಿಕೊಳ್ಳುತ್ತೇವೆ. ಅಗ್ಗದ ಪೆನ್ ಡ್ರೈವ್ ಕೆಟ್ಟದ್ದು ತಿಳಿಯುವುದು ಅದು ಬೇಕಾದ ದಿನವೇ. ಅಪಾಯ ಇರುವುದು ಇಲ್ಲಿ.

19 ದಿನಗಳ ಹಾಲು

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಭಾಗದ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಊರಿನ ಹೆಸರು ಬೇಡ. ಕಾರ್ಯದರ್ಶಿ ಪ್ರಾಮಾಣಿಕ ಮನುಷ್ಯ, ಒಂದು ಪೈಸೆ ಹೆಚ್ಚುಕಡಿಮೆ ಮಾಡಿದವನಲ್ಲ. ಹಾಲಿನ ತೂಕ, ಜಿಡ್ಡು, ಜಿಡ್ಡೇತರ ಘನಾಂಶ, ದರ, ಮೊತ್ತ ಎಲ್ಲವೂ ಕಂಪ್ಯೂಟರಿನಲ್ಲಿ. ದಿನವೂ ಸಂಜೆ ಲೆಕ್ಕವನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳುವ ರೂಢಿಯನ್ನೂ ಇಟ್ಟುಕೊಂಡಿದ್ದ. ಆ ಪೆನ್ ಡ್ರೈವನ್ನು ಸಂತೆಯಲ್ಲಿ 250 ರೂಪಾಯಿಗೆ ತಂದಿದ್ದ. ಮೇಲೆ 512 ಜಿಬಿ ಎಂದು ಬರೆದಿತ್ತು. ಇಷ್ಟು ದೊಡ್ಡದು ಇಷ್ಟು ಅಗ್ಗಕ್ಕೆ ಸಿಕ್ಕಿತೆಂದು ಸಂಘಕ್ಕೆ ಉಳಿತಾಯ ಮಾಡಿದ ಸಂತೋಷ ಅವನಿಗೆ. ಜಾಗ ಹೇಗೂ ಬಹಳ ಇದೆಯೆಂದು ಕ್ಯಾಮೆರಾದ ಚಿತ್ರಗಳು, ತರಬೇತಿಯ ವಿಡಿಯೊಗಳು ಎಲ್ಲವನ್ನೂ ಅದರಲ್ಲೇ ತುಂಬಿದ್ದ.

ಮೇ ತಿಂಗಳಲ್ಲಿ ಅಡ್ಡಮಳೆ, ಗುಡುಗು ಸಿಡಿಲು. ಕಂಪ್ಯೂಟರು ಸುಟ್ಟಿತು, ಒಳಗಿನ ಹಾರ್ಡ್ ಡಿಸ್ಕೂ ಹೋಯಿತು. ಚಿಂತೆಯಿಲ್ಲ, ಪೆನ್ ಡ್ರೈವ್ ಇದೆಯಲ್ಲ ಎಂದು ಬೇರೆ ಕಂಪ್ಯೂಟರಿಗೆ ಹಾಕಿದರು. ಕಡತಗಳ ಹೆಸರುಗಳು ಸಾಲಾಗಿ ಕಂಡವು. ದಿನಾಂಕ ಇತ್ತು, ಗಾತ್ರ ಇತ್ತು. ತೆರೆಯಲು ಹೋದರೆ ಒಂದೂ ತೆರೆಯಲಿಲ್ಲ. ದೊಡ್ಡ ಪ್ರಿಂಟರ್ ಕೆಟ್ಟು ಒಂದು ಬಟವಾಡೆ ಅದಾಗಲೇ ತಡವಾಗಿತ್ತು. ಹಿಂದಿನದಕ್ಕೆ ಕಾಗದದ ಪಟ್ಟಿ ಇತ್ತು. ಆಮೇಲಿನ 19 ದಿನಗಳ ಲೆಕ್ಕ ಎಲ್ಲಿಯೂ ಇರಲಿಲ್ಲ.

ಒಕ್ಕೂಟದಲ್ಲಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಒಕ್ಕೂಟಕ್ಕೆ ಹೋಗುವ ಹಾಲಿನ ವಾಹನದ ಚೀಟಿಯಲ್ಲಿ ಸಂಘದ ಒಟ್ಟು ಹಾಲು ಇತ್ತು, ಅದರ ದುಡ್ಡೂ ಬಂತು. ಯಾರದು ಎಷ್ಟು ಎಂಬುದು ಮಾತ್ರ ಅಲ್ಲಿರಲಿಲ್ಲ. ಇದನ್ನು ಗಮನಿಸಿರಿ. ಒಟ್ಟು ಗೊತ್ತಿದ್ದು ಪಾಲು ಗೊತ್ತಿಲ್ಲದಿದ್ದರೆ ಒಬ್ಬನಿಗೆ ಹೆಚ್ಚು ಕೊಡುವುದು ಎಂದರೆ ಇನ್ನೊಬ್ಬನಿಂದ ಕಡಿಮೆ ಮಾಡುವುದು ಎಂದೇ ಅರ್ಥ.

ಚೀಟಿ ಇಟ್ಟುಕೊಂಡವರು ತಂದು ತೋರಿಸಿದರು. ಬಹಳ ಜನ ಇಟ್ಟುಕೊಂಡಿರಲಿಲ್ಲ. ಆಡಳಿತ ಮಂಡಳಿ ಕುಳಿತು, ಚೀಟಿ ಇಲ್ಲದವರಿಗೆ ಆ 19 ದಿನದ ಹಿಂದಿನ 10 ದಿನ, ಮುಂದಿನ 10 ದಿನದ ಸರಾಸರಿ ಹಿಡಿದು ಕೊಡುವುದೆಂದು ಠರಾವು ಮಾಡಿತು. ಕೇಳಲು ನ್ಯಾಯವಾಗಿಯೇ ಇದೆ.

ಆ ಊರಿನಲ್ಲಿ ಒಂದೇ ಎಮ್ಮೆಯ ಮೇಲೆ ಸಂಸಾರ ನಡೆಸುವ ವಿಧವೆ ತಾಯಿಯೊಬ್ಬಳಿದ್ದಳು. ಅವಳ ಎಮ್ಮೆ ಆ 19 ದಿನಗಳ ಮೊದಲನೆಯ ದಿನವೇ ಈದಿತ್ತು. ಗಿಣ್ಣದ ಹಾಲನ್ನು ಡೇರಿಗೆ ಹಾಕುವಂತಿಲ್ಲವೆಂದು ಐದು ದಿನ ಬಿಟ್ಟು, ಉಳಿದ 14 ದಿನ ದಿನಕ್ಕೆ ಸುಮಾರು 6 ಲೀಟರಿನಂತೆ ಹಾಕಿದ್ದಳು. ಅಂದರೆ 84 ಲೀಟರ್. ಠರಾವಿನ ಪ್ರಕಾರ ಹಿಂದಿನ 10 ದಿನ ಅವಳ ಹಾಲು ಸೊನ್ನೆ, ಮುಂದಿನ 10 ದಿನ 6 ಲೀಟರ್, ಸರಾಸರಿ 3 ಲೀಟರ್. 19 ದಿನಕ್ಕೆ 57 ಲೀಟರ್. 27 ಲೀಟರ್ ಹಾಲು ಕಾಗದದ ಮೇಲೆ ಮಾಯವಾಯಿತು. ಅವಳು ಚೀಟಿಗಳನ್ನು ಇಟ್ಟಿರಲಿಲ್ಲವೇ ಎಂದರೆ ಇಟ್ಟಿದ್ದಳು, ಒಲೆಯ ಮೇಲಿನ ಗೂಡಿನಲ್ಲಿ. ಅದು ಶಾಖಕ್ಕೆ ಅಚ್ಚು ಮೂಡುವ ನುಣುಪು ಕಾಗದ. ಒಲೆಯ ಬಿಸಿಗೆ ಚೀಟಿಗಳು ಪೂರ್ತಿ ಕಪ್ಪಾಗಿದ್ದವು. ಒಂದು ಅಂಕಿಯೂ ಓದಲು ಬರುವಂತಿರಲಿಲ್ಲ.

ಆ ಎಮ್ಮೆಗೆ ಮಾಸ ಬಿದ್ದಿರಲಿಲ್ಲವೆಂದು ಅಂದು ನಾನೇ ಹೋಗಿ ಉಪಚಾರ ಮಾಡಿದ್ದೆ. ನನ್ನ ರೋಗಿ ಪುಸ್ತಕದಲ್ಲಿ ಈದ ದಿನಾಂಕ ಬರೆದಿತ್ತು. ಅದನ್ನು ಒಯ್ದು ಸಭೆಯ ಮುಂದಿಟ್ಟೆ. ನನ್ನ ಪುಸ್ತಕದಲ್ಲಿ ದಿನಾಂಕ ಇತ್ತೇ ಹೊರತು ಲೀಟರ್ ಇರಲಿಲ್ಲ. ಆದರೂ ಮಂಡಳಿಯವರು ಒಪ್ಪಿ 84 ಲೀಟರಿಗೆ ಲೆಕ್ಕ ಮಾಡಿದರು. ಆಗ ಇನ್ನೊಬ್ಬ ಸದಸ್ಯ ಎದ್ದು, ಆ 27 ಲೀಟರ್ ಯಾರ ಪಾಲಿನಿಂದ ಹೋಗುತ್ತದೆ, ನನ್ನ ಎಮ್ಮೆಗೂ ಡಾಕ್ಟರು ಬಂದಿದ್ದರೆ ನನಗೂ ಸಾಕ್ಷಿ ಇರುತ್ತಿತ್ತಲ್ಲ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ. ಅವನು ಅಂದಿನಿಂದ ಕೆಲವು ತಿಂಗಳು ಸಂಘಕ್ಕೆ ಹಾಲು ಹಾಕುವುದನ್ನೇ ಬಿಟ್ಟ. ಕಾರ್ಯದರ್ಶಿ ತನ್ನ ಕೈಯಿಂದ ತುಂಬಿಕೊಡುತ್ತೇನೆಂದ. ಎಷ್ಟು ತುಂಬಬೇಕು ಎಂಬುದಾದರೂ ಯಾರಿಗೆ ಗೊತ್ತಿತ್ತು?

ಬೀಗದ ಕೈ ಯಾರ ಹತ್ತಿರವೂ ಕಳ್ಳತನವಾಗಲಿಲ್ಲ. ಯಾರೂ ಹಾಲಿಗೆ ನೀರು ಬೆರೆಸಲಿಲ್ಲ. 250 ರೂಪಾಯಿಯ ಒಂದು ವಸ್ತು ಊರಿನೊಳಗಿನ ನಂಬಿಕೆಯನ್ನು ಕೆಡಿಸಿತು.

ಕಡಿಮೆ ದರ್ಜೆ ಬೇರೆ, ಖೋಟಾ ಬೇರೆ

ಈಗ ಆ ಪೆನ್ ಡ್ರೈವಿನೊಳಗೆ ಏನಾಗಿತ್ತು ಎಂಬುದನ್ನು ತಿಳಿಯೋಣ. ಅಗ್ಗದ ಮಾಲಿನಲ್ಲಿ ಎರಡು ಬಗೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಒಂದನೆಯದು ಕಡಿಮೆ ದರ್ಜೆಯದು. ನೀವು ಮೆಣಸಿನಕಾಯಿಯನ್ನು ಆರಿಸಿ ಒಳ್ಳೆಯದನ್ನು ಒಂದು ಚೀಲಕ್ಕೆ, ಬಿಳಿಗಾಯಿಯನ್ನು ಇನ್ನೊಂದು ಚೀಲಕ್ಕೆ ಹಾಕಿ ಬ್ಯಾಡಗಿಗೆ ಒಯ್ಯುತ್ತೀರಿ. ಕಾರ್ಖಾನೆಯಲ್ಲಿ ಮೆಮೊರಿ ಚಿಪ್ಪುಗಳನ್ನೂ ಹೀಗೆಯೇ ಪರೀಕ್ಷಿಸಿ ಆರಿಸುತ್ತಾರೆ. ಒಳ್ಳೆಯವು ಕಂಪನಿಯ ಸ್ವಂತ ಹೆಸರಿನಲ್ಲಿ ಹೋಗುತ್ತವೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವು ಅಗ್ಗಕ್ಕೆ ಬೇರೆಯವರ ಕೈಗೆ ಹೋಗಿ, ಹೆಸರಿಲ್ಲದ ಪೆನ್ ಡ್ರೈವುಗಳಲ್ಲಿ, ಪುಕ್ಕಟೆ ಹಂಚುವ ಕಾಣಿಕೆಗಳಲ್ಲಿ ಸೇರುತ್ತವೆ. ಬಿಳಿಗಾಯಿಯನ್ನು ಬಿಳಿಗಾಯಿ ಎಂದು ಹೇಳಿ ಮಾರಿದರೆ ಮೋಸವಲ್ಲ. ಕೊಳ್ಳುವವನಿಗೆ ಗೊತ್ತಿರಬೇಕು, ಅಷ್ಟೇ.

ಎರಡನೆಯದು ಖೋಟಾ ಮಾಲು. 8 ಜಿಬಿ ಹಿಡಿಯುವ ಚಿಪ್ಪಿಗೆ, ನೀನು 512 ಜಿಬಿ ಎಂದು ಹೇಳು ಎಂದು ಸುಳ್ಳು ಕಲಿಸಿರುತ್ತಾರೆ. ಕಂಪ್ಯೂಟರು ಕೇಳಿದಾಗ ಅದು ಹಾಗೆಯೇ ಹೇಳುತ್ತದೆ. ಮೊದಲ 8 ಜಿಬಿಯವರೆಗೆ ಎಲ್ಲ ಸರಿ. ಅಲ್ಲಿಂದ ಮುಂದೆ ಬರೆದದ್ದು ಎಲ್ಲಿಯೂ ಸೇರುವುದಿಲ್ಲ, ಇಲ್ಲವೆ ಹಳೆಯದರ ಮೇಲೆಯೇ ಕೂರುತ್ತದೆ. ಕಡತಗಳ ಹೆಸರಿನ ಪಟ್ಟಿ ಮೊದಲ ಭಾಗದಲ್ಲೇ ಇರುವುದರಿಂದ ಹೆಸರುಗಳು ಮಾತ್ರ ಚೆನ್ನಾಗಿ ಕಾಣುತ್ತವೆ. ಖಾತೆ ಪುಸ್ತಕದ ಪರಿವಿಡಿ ಇದೆ, ಹಾಳೆಗಳು ಇಲ್ಲ. ಆ ಸಂಘದಲ್ಲಿ ಆದದ್ದು ಇದೇ.

ಇಂಥ ಆಸೆ ಹೊಸದಲ್ಲ. 1990ರ ದಶಕದಲ್ಲಿ ಮೂರೂವರೆ ಇಂಚಿನ ಫ್ಲಾಪಿಗಳು ಎರಡು ಬಗೆ ಸಿಗುತ್ತಿದ್ದವು. ಒಂದು 720 ಕೆಬಿ ಹಿಡಿಯುವುದು, ಇನ್ನೊಂದು 1.44 ಎಂಬಿ ಹಿಡಿಯುವುದು. ದೊಡ್ಡದಕ್ಕೆ ಮೂಲೆಯಲ್ಲಿ ಒಂದು ತೂತು ಹೆಚ್ಚು. ಯಂತ್ರ ಆ ತೂತಿನಿಂದಲೇ ಗುರುತು ಹಿಡಿಯುತ್ತಿತ್ತು. ದುಡ್ಡು ಉಳಿಸಲು ಕೆಲವರು ಅಗ್ಗದ ಫ್ಲಾಪಿಗೆ ತೂತು ಕೊರೆದು ದೊಡ್ಡದೆಂದು ಬಳಸಿದರು. ಯಂತ್ರ ಒಪ್ಪಿತು, ಅಂದು ಬರೆಯಿತು, ಅಂದೇ ಓದಿತು. ಆದರೆ ಒಳಗಿನ ಕಾಂತೀಯ ಲೇಪ ಬೇರೆ. ಕೆಲವು ತಿಂಗಳ ಮೇಲೆ ಓದಲು ಹೋದಾಗ ಎಷ್ಟೋ ಜನರಿಗೆ ಬರೆದದ್ದು ಸಿಗಲಿಲ್ಲ. ತೂತು ಕೊರೆದರೆ ದರ್ಜೆ ಬದಲಾಗುವುದಿಲ್ಲ.

ಅಗ್ಗ ಏಕೆ ಆಗುತ್ತದೆ?

ಪೆನ್ ಡ್ರೈವಿನೊಳಗೆ ಕೋಟ್ಯಂತರ ಸಣ್ಣ ಕೋಶಗಳಿವೆ. ಪ್ರತಿಯೊಂದನ್ನೂ ಒಂದು ಗಡಿಗೆ ಎಂದು ತಿಳಿಯಿರಿ. ನೀರಿನ ಬದಲು ಅದರಲ್ಲಿ ವಿದ್ಯುತ್ತಿನ ಕಣಗಳನ್ನು ತುಂಬಿ ಇಡುತ್ತಾರೆ. ಮೊದಲಿನ ಪದ್ಧತಿಯಲ್ಲಿ ಗಡಿಗೆ ತುಂಬಿದೆಯೋ ಖಾಲಿಯೋ ಎಂದು ಎರಡೇ ಮಟ್ಟ ನೋಡುತ್ತಿದ್ದರು. ಸ್ವಲ್ಪ ನೀರು ಸೋರಿದರೂ ತುಂಬಿದ್ದು ತುಂಬಿದ್ದೇ. ಅಂಥ ಕೋಶಕ್ಕೆ ಸುಮಾರು ಒಂದು ಲಕ್ಷ ಸಲ ಬರೆದು ಅಳಿಸಬಹುದಿತ್ತು. ಆದರೆ ಅದು ದುಬಾರಿ. ಬೆಲೆ ಇಳಿಸಲು ಒಂದೇ ಗಡಿಗೆಯಲ್ಲಿ 8 ಗೆರೆ, 16 ಗೆರೆ ಹಾಕಿ, ನೀರು ಯಾವ ಗೆರೆಗೆ ಇದೆ ಎಂದು ನೋಡಿ ಹೆಚ್ಚು ವಿಷಯ ತುಂಬುವ ಪದ್ಧತಿ ಬಂತು. ಈಗ ಸ್ವಲ್ಪ ಸೋರಿದರೂ ಗೆರೆ ತಪ್ಪುತ್ತದೆ, ಅಂಕಿ ಬೇರೆಯಾಗುತ್ತದೆ. ಬರೆದು ಅಳಿಸುವ ಬಾಳಿಕೆಯೂ ಸಾವಿರದ ಆಸುಪಾಸಿಗೆ, ಕೆಲವದರಲ್ಲಿ ನೂರುಗಳಿಗೆ ಇಳಿಯುತ್ತದೆ.

ಹೆಸರುವಾಸಿ ಕಂಪನಿಯವರೂ ಇಂದು ಇದೇ ಪದ್ಧತಿಯನ್ನು ಬಳಸುತ್ತಾರೆ. ವ್ಯತ್ಯಾಸ ಇರುವುದು ಚಿಪ್ಪಿನ ಆಯ್ಕೆಯಲ್ಲಿ, ತಪ್ಪನ್ನು ತಾನೇ ಹಿಡಿದು ತಿದ್ದುವ ಏರ್ಪಾಡಿನಲ್ಲಿ. ಆದ್ದರಿಂದ ದುಬಾರಿಯದು ತಂದರೆ ಎಂದೂ ಕೆಡುವುದಿಲ್ಲವೆಂದು ನಾನು ಹೇಳುವುದಿಲ್ಲ. ಅದೂ ಒಂದು ದಿನ ಕೆಡುತ್ತದೆ. ಶಾಖ ಹೆಚ್ಚಿದಂತೆ ಸೋರುವುದು ಬೇಗ. ತಗಡಿನ ಮಾಡಿನ ಕೆಳಗೆ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಡೇರಿ ಕೋಣೆಗಳು ಹೇಗಿರುತ್ತವೆಂದು ನಿಮಗೇ ಗೊತ್ತು.

ಸಿ.ಡಿ.ಯ ಕಥೆಯೂ ಇಷ್ಟೇ. ನಾವು ಬರೆದುಕೊಳ್ಳುವ ಸಿ.ಡಿ.ಯಲ್ಲಿ ಒಂದು ಬಣ್ಣದ ಪದರ ಇರುತ್ತದೆ. ಅಗ್ಗದ ಸಿ.ಡಿ.ಯ ಬಣ್ಣ ಬಿಸಿಲಿಗೆ, ಶಾಖಕ್ಕೆ ಬೇಗ ಮಾಸುತ್ತದೆ. ನಾನೇ ನೌಕರಿಯ ಮೊದಲ ವರ್ಷಗಳಲ್ಲಿ ಬಂಜೆತನ ನಿವಾರಣಾ ಶಿಬಿರಗಳ ಫೋಟೊ, ಪಟ್ಟಿಗಳನ್ನು ಬಿಡಿ ಸಿ.ಡಿ.ಗಳಲ್ಲಿ ಬರೆದು ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟಿದ್ದೆ. ಕೆಲವು ವರ್ಷಗಳ ಮೇಲೆ ತೆಗೆದಾಗ ಅರ್ಧಕ್ಕರ್ಧ ಓದಲಿಲ್ಲ. ಯಾವ ಎಮ್ಮೆ ಯಾವ ಹೋರಿಯ ವೀರ್ಯಕ್ಕೆ ಗಬ್ಬವಾಯಿತು ಎಂಬ ವಿವರ ಅದರಲ್ಲಿತ್ತು. ತಪ್ಪು ನನ್ನದೇ. ಹತ್ತಿಪ್ಪತ್ತು ರೂಪಾಯಿ ಉಳಿಸಿದ್ದೆ.

ಚಂದ್ರನ ಟೇಪು

ಇದು ಹಳ್ಳಿಯವರಿಗೆ ಮಾತ್ರ ಆಗುವ ತಪ್ಪು ಎಂದು ತಿಳಿಯಬೇಡಿರಿ. 1969ರ ಜುಲೈನಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟನು. ಅಲ್ಲಿಂದ ಬಂದ ಚಿತ್ರವನ್ನು ಭೂಮಿಯಲ್ಲಿ ದೊಡ್ಡ ಟೇಪುಗಳ ಮೇಲೆ ಹಿಡಿದಿದ್ದರು. ಮುಂದೆ ಅಮೆರಿಕದ ನಾಸಾ ಸಂಸ್ಥೆಗೆ ಟೇಪಿನ ಕೊರತೆ ಬಂದಾಗ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದರು. ಚಂದ್ರನ ಮೂಲ ಟೇಪುಗಳೂ ಹಾಗೆಯೇ ಅಳಿಸಿಹೋಗಿರಬೇಕೆಂದು 2009ರಲ್ಲಿ ಅವರೇ ಹೇಳಿದರು. ಅಷ್ಟು ಖರ್ಚು ಮಾಡಿ ಚಂದ್ರನಿಗೆ ಹೋಗಿಬಂದವರು ಟೇಪಿನಲ್ಲಿ ಉಳಿತಾಯ ಮಾಡಿದರು! ಇಂದು ನಾವು ಆ ಚಿತ್ರ ನೋಡುತ್ತಿರುವುದು ದೂರದರ್ಶನ ಪ್ರಸಾರದ ಪ್ರತಿಗಳು ಬೇರೆ ಕಡೆ ಉಳಿದಿದ್ದರಿಂದ. ಬೇರೆ ಮನೆಯಲ್ಲಿದ್ದ ಪ್ರತಿಯೇ ಕಾಪಾಡಿತು.

ಲಾಭ-ನಷ್ಟದ ಲೆಕ್ಕ

ಉಳಿತಾಯ ಕೆಟ್ಟದ್ದು ಎಂದು ನಾನು ಹೇಳಲು ಬಂದಿಲ್ಲ. ಸಂಘದ ದುಡ್ಡು ನಿಮ್ಮ ದುಡ್ಡು. ಆದರೆ ಲೆಕ್ಕ ಪೂರ್ತಿ ಹಾಕೋಣ.

ಒಂದು ಸಂಘದಲ್ಲಿ 100 ಜನ, ತಲಾ ದಿನಕ್ಕೆ 6 ಲೀಟರ್ ಎಂದು ಹಿಡಿಯೋಣ. ದಿನಕ್ಕೆ 600 ಲೀಟರ್, 15 ದಿನಕ್ಕೆ 9,000 ಲೀಟರ್. ಹಾಲಿನ ದರ ಬದಿಗಿರಲಿ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ಆಯಿತು. 5 ರೂಪಾಯಿಯಂತೆ ಅದೊಂದೇ 15 ದಿನಕ್ಕೆ 45,000 ರೂಪಾಯಿ. ಇದು ಯಾರ ಖಾತೆಗೆ ಎಷ್ಟು ಹೋಗಬೇಕೆಂದು ಹೇಳುವುದು ಆ ಲೆಕ್ಕವೇ. ವರ್ಷದ ಕೊನೆಗೆ ಬೋನಸ್ ಹಂಚುವುದೂ ಅದೇ ಲೆಕ್ಕದ ಮೇಲೆ. ಇಷ್ಟನ್ನು ಹೊರುವ ವಸ್ತುವಿನಲ್ಲಿ ನಾವು ಉಳಿಸುವುದು ನೂರೋ ಇನ್ನೂರೋ ರೂಪಾಯಿ.

ಹಾಗಾದರೆ ಅಗ್ಗದ್ದನ್ನು ಎಂದೂ ಕೊಳ್ಳಬಾರದೇ? ಕೊಳ್ಳಬಹುದು. ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಪೆನ್ ಡ್ರೈವಿನ ಬೆಲೆ ಕೇಳಬೇಡಿರಿ, ಅದರಲ್ಲಿ ಇಡುವುದರ ಬೆಲೆ ಕೇಳಿರಿ. ಅದರಲ್ಲಿರುವುದು ಕಳೆದರೆ ಮತ್ತೊಂದು ಕಡೆಯಿಂದ ತರಬಹುದೇ? ಭಜನೆ ಪದ, ಬಯಲಾಟದ ವಿಡಿಯೊ, ಮೇವು ಬೆಳೆಯುವ ತರಬೇತಿಯ ಚಿತ್ರ ಇವಕ್ಕೆ ಅಗ್ಗದ್ದು ಸಾಕು. ಹೋದರೆ ಮತ್ತೆ ತುಂಬಿಸಿಕೊಳ್ಳಬಹುದು. ಹಾಲಿನ ಲೆಕ್ಕ, ಸದಸ್ಯರ ಪಟ್ಟಿ, ಸಭೆಯ ನಡವಳಿ, ಕೃತಕ ಗರ್ಭಧಾರಣೆಯ ದಾಖಲೆ, ವಿಮೆ ಮಾಡಿಸಿದ ದನದ ಫೋಟೊ ಇವಕ್ಕೆ ಅಗ್ಗದ್ದು ಬೇಡವೇ ಬೇಡ.

ದಾಖಲೆಯ ಬೆಲೆ ಏನೆಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಧಾರವಾಡಿ ಎಮ್ಮೆ ತಲೆತಲಾಂತರದಿಂದ ನಮ್ಮ ಕೊಟ್ಟಿಗೆಯಲ್ಲಿದೆ. ಪೇಢೆಯ ಹಾಲು ಅದರದ್ದು. ಆದರೂ ಅದಕ್ಕೆ ದೇಶದ ತಳಿಗಳ ಪಟ್ಟಿಯಲ್ಲಿ ಹೆಸರು ಸಿಕ್ಕದ್ದು 2021ರಲ್ಲಿ. ಎಮ್ಮೆಗಳ ಮೈಕಟ್ಟು, ಹಾಲಿನ ಇಳುವರಿಯನ್ನು ಅಳೆದು ಬರೆದು ತೋರಿಸಿದ ಮೇಲೆಯೇ ಸಿಕ್ಕಿತು.

ಸಂಘಗಳು ಮಾಡಬೇಕಾದದ್ದು

1. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳನ್ನು ಗುರುತಿನ ಅಂಗಡಿಯಿಂದ, ರಸೀದಿ ಮತ್ತು ವಾರಂಟಿ ಸಮೇತ ಕೊಳ್ಳಿರಿ. ಬಹಳ ಅಗ್ಗಕ್ಕೆ ಬಹಳ ದೊಡ್ಡದು ಎಂದರೆ ಸಂಶಯಪಡಿರಿ. ಹಾಲಿನ ಲೆಕ್ಕಕ್ಕೆ 16 ಅಥವಾ 32 ಜಿಬಿ ಬೇಕಾದಷ್ಟಾಯಿತು.

2. ತಂದ ದಿನವೇ ಪರೀಕ್ಷೆ ಮಾಡಿರಿ. ಪೂರ್ತಿ ತುಂಬುವವರೆಗೆ ಬರೆದು, ತೆಗೆದು, ಇನ್ನೊಂದು ಕಂಪ್ಯೂಟರಿಗೆ ಹಾಕಿ ಎಲ್ಲ ಓದುತ್ತದೆಯೇ ನೋಡಿರಿ. ಇದನ್ನು ತಾನೇ ಮಾಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಪುಕ್ಕಟೆ ತಂತ್ರಾಂಶಗಳಿವೆ. ಹಾಲು ತೆಗೆದುಕೊಳ್ಳುವ ಮುನ್ನ ಜಿಡ್ಡು ನೋಡುವವರು ನಾವು. ಇದನ್ನು ನೋಡದೆ ಒಪ್ಪಬಾರದು.

3. ಒಂದು ದುಬಾರಿ ವಸ್ತುವಿಗಿಂತ ಎರಡು ಸಾಧಾರಣ ಅಸಲಿ ವಸ್ತು ಮೇಲು. ಲೆಕ್ಕ ಮೂರು ಕಡೆ ಇರಲಿ. ಕಂಪ್ಯೂಟರಿನಲ್ಲಿ ಒಂದು, ಡೇರಿಯ ಕಪಾಟಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಒಂದು. ಸಿಡಿಲು ಬಡಿದರೂ, ಬೆಣ್ಣಿಹಳ್ಳ ತುಪ್ಪರಿಹಳ್ಳ ಉಕ್ಕಿದರೂ ಮೂರೂ ಒಟ್ಟಿಗೆ ಹೋಗಬಾರದು.

4. ಲೆಕ್ಕದ ಪೆನ್ ಡ್ರೈವಿನಲ್ಲಿ ಬೇರೆ ಏನನ್ನೂ ಹಾಕಬೇಡಿರಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ತೆಗೆದು ಇಡಿರಿ. ಹಚ್ಚಿಯೇ ಬಿಟ್ಟರೆ ಸಿಡಿಲಿಗೆ ಎರಡೂ ಹೋಗುತ್ತವೆ.

5. ತಿಂಗಳಿಗೊಮ್ಮೆ ಪ್ರತಿಯನ್ನು ತೆರೆದು ಓದಿ ನೋಡಿರಿ. ಹೆಸರು ಕಂಡರೆ ಸಾಲದು, ಒಳಗಿನ ಅಂಕಿ ಕಾಣಬೇಕು. ಒಬ್ಬ ನಿರ್ದೇಶಕರು ಜೊತೆಗಿದ್ದು ಸಹಿ ಮಾಡಲಿ. ಕಾರ್ಯದರ್ಶಿಯ ಮೇಲೆ ಅಪನಂಬಿಕೆಯಿಂದಲ್ಲ, ಅವನ ರಕ್ಷಣೆಗಾಗಿ.

6. ಪ್ರತಿ ಬಟವಾಡೆಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಇಡಿರಿ. ಪ್ರಿಂಟರ್ ಕೆಟ್ಟರೆ ದಿನದ ಸದಸ್ಯವಾರು ಲೀಟರನ್ನು ಕೈಯಿಂದ ಬರೆಯಿರಿ. ಅರ್ಧ ತಾಸಿನ ಕೆಲಸ.

ಸದಸ್ಯರು ಮಾಡಬೇಕಾದದ್ದು

ನಿಮ್ಮ ಹಾಲಿನ ಚೀಟಿಯನ್ನು ಒಲೆಯ ಹತ್ತಿರ, ಬಿಸಿಲಿನಲ್ಲಿ ಇಡಬೇಡಿರಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಲೀಟರ್, ಜಿಡ್ಡು ಬರೆಸಿರಿ. ಎಮ್ಮೆ ಈದ ದಿನ, ಗಬ್ಬದ ದಿನ, ಲಸಿಕೆಯ ದಿನ, ಕಿವಿಯೋಲೆಯ 12 ಅಂಕಿ ಅದರಲ್ಲೇ ಇರಲಿ. ಹತ್ತಿಪ್ಪತ್ತು ರೂಪಾಯಿಯ ನೋಟುಬುಕ್ಕು ಸಿಡಿಲಿಗೆ ಸುಡುವುದಿಲ್ಲ, ಸುಳ್ಳು ಗಾತ್ರ ಹೇಳುವುದಿಲ್ಲ. ಅಗ್ಗವಾದರೂ ನಂಬಬಹುದಾದ ವಸ್ತು ಅದೊಂದೇ.

ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಈಗ ಲೆಕ್ಕವೆಲ್ಲ ಇಂಟರ್‌ನೆಟ್ ಮೂಲಕ ಹೋಗುತ್ತದಲ್ಲ, ಪೆನ್ ಡ್ರೈವ್ ಏಕೆ?

ಉತ್ತರ: ಹೋಗುವುದು ಒಳ್ಳೆಯದೇ. ಅದು ಬೇರೆ ಮನೆಯ ಪ್ರತಿ ಇದ್ದಂತೆ. ಆದರೆ ನೆಟ್ ಇಲ್ಲದ ದಿನ ಹೋಗುವುದಿಲ್ಲ. ಇಲ್ಲಿ ತಪ್ಪಾಗಿ ಅಳಿಸಿದ್ದು ಕೆಲವು ಏರ್ಪಾಡುಗಳಲ್ಲಿ ಅಲ್ಲಿಯೂ ಅಳಿಸುತ್ತದೆ. ಗುಪ್ತಪದ ಒಬ್ಬನಿಗೇ ಗೊತ್ತಿದ್ದರೆ ಅವನಿಲ್ಲದ ದಿನ ತೆರೆಯಲಾಗದು. ಆದ್ದರಿಂದ ಅದೂ ಇರಲಿ, ಇದೂ ಇರಲಿ.

ಪ್ರಶ್ನೆ: ಕೆಟ್ಟ ಪೆನ್ ಡ್ರೈವಿನಿಂದ ಲೆಕ್ಕ ತೆಗೆದುಕೊಡುವವರು ಪೇಟೆಯಲ್ಲಿ ಇದ್ದಾರಂತೆ?

ಉತ್ತರ: ಅಸಲಿ ವಸ್ತು ಕೆಟ್ಟಿದ್ದರೆ ಕೆಲವೊಮ್ಮೆ ಸಿಗುತ್ತದೆ, ಆದರೆ ಖರ್ಚು ಸಾವಿರಗಟ್ಟಲೆ. ಖೋಟಾ ವಸ್ತುವಿನಲ್ಲಿ ಅದು ಬರೆದೇ ಇರುವುದಿಲ್ಲ. ಬರೆಯದ್ದನ್ನು ಯಾರೂ ತೆಗೆದುಕೊಡಲಾರರು. ಅದಕ್ಕೆ ದುಡ್ಡು ಕಳೆಯಬೇಡಿರಿ.

ಪ್ರಶ್ನೆ: ಡೇರಿಯ ಕ್ಯಾಮೆರಾದ ಕಾರ್ಡು ಮೇಲಿಂದ ಮೇಲೆ ಕೆಡುತ್ತದೆ. ಏನು ಮಾಡಬೇಕು?

ಉತ್ತರ: ಕ್ಯಾಮೆರಾ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ. ಬಾಳಿಕೆ ಕಡಿಮೆ ಇರುವ ಕಾರ್ಡು ಬೇಗ ಸವೆಯುತ್ತದೆ. ಕ್ಯಾಮೆರಾಕ್ಕೆಂದೇ ಮಾಡಿದ, ಹೆಚ್ಚು ಬಾಳುವ ಕಾರ್ಡು ಸಿಗುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಎರಡು ಸಲ ಅಗ್ಗದ್ದನ್ನು ಕೊಂಡರೆ ಅದಕ್ಕಿಂತ ಹೆಚ್ಚಾಗುತ್ತದೆ.

ಪ್ರಶ್ನೆ: ಸಂಘದ ಹಳೆಯ ಲೆಕ್ಕ ಸಿ.ಡಿ.ಗಳಲ್ಲಿದೆ. ಇರಲಿ ಬಿಡಬಹುದೇ?

ಉತ್ತರ: ಬಿಡಬೇಡಿರಿ. ಓದುವ ಯಂತ್ರ ಸಿಗುವಾಗಲೇ ಹೊಸದಕ್ಕೆ ನಕಲು ಮಾಡಿಕೊಳ್ಳಿರಿ. ಈ ವಾರವೇ ಮಾಡಿರಿ.

ಕೊನೆಯದಾಗಿ ಒಂದು ಮಾತು. ಆ ತಾಯಿಗೆ 84 ಲೀಟರಿನ ದುಡ್ಡು ಕೊಟ್ಟ ದಿನ ನಾನು ಅಲ್ಲಿದ್ದೆ. ಅವಳು ದುಡ್ಡು ಎಣಿಸಲಿಲ್ಲ. ಇನ್ನು ಮೇಲೆ ನನ್ನ ಹಾಲು ಬರೆದದ್ದು ಗಟ್ಟಿ ಇರುತ್ತದೋ ಇಲ್ಲವೋ ಹೇಳಿರಿ ಎಂದು ಮಾತ್ರ ಕೇಳಿದಳು. ಆ ಸಂಘದವರು ಮರುದಿನವೇ ಎರಡು ಅಸಲಿ ಪೆನ್ ಡ್ರೈವ್, ಒಂದು ದಪ್ಪ ರಿಜಿಸ್ಟರ್ ತಂದರು. ಹಾಲು ಬಿಟ್ಟಿದ್ದ ಆ ಸದಸ್ಯನೂ ಮುಂದೆ ಮರಳಿ ಬಂದ. ಬಂದ ದಿನ ಮೊದಲು ಕೇಳಿದ್ದು ರಿಜಿಸ್ಟರನ್ನು.

ನಿಮ್ಮ ಸಂಘದಲ್ಲಿಯೂ ಇವತ್ತು ಸಂಜೆ ಹಾಲು ಹಾಕಲು ಹೋದಾಗ ಕೇಳಿರಿ. ನಮ್ಮ ಲೆಕ್ಕ ಎಷ್ಟು ಕಡೆ ಇದೆ? ಕೊನೆಯ ಸಲ ತೆರೆದು ನೋಡಿದ್ದು ಯಾವಾಗ? ಕಾರ್ಯದರ್ಶಿಗಳು ಸಿಟ್ಟಾಗದೆ ಉತ್ತರ ಕೊಡಲಿ, ಸದಸ್ಯರು ಸಂಶಯಪಡದೆ ಕೇಳಲಿ. ಹಗೇವಿನ ಬಾಯಿಯನ್ನು ಬರಗಾಲಕ್ಕೆ ಮೊದಲೇ ಒಮ್ಮೆ ತೆರೆದು ನೋಡುವುದು ಜಾಣತನ.